ತಲೆಕೆಳಗಾದ ಆನೆ

ನಾಲ್ಕು ವರ್ಷ ಸತತವಾಗಿ ಬರೀ ಅರ್ಧ ಅಂಕಕ್ಕೆ ರಾಜ್ಯ ತಂಡ ತಪ್ಪಿದವಳ ಹೊಟ್ಟೆಯುರಿ ಎಂಥದ್ದೆಂದು ಜಯಲತಾಳನ್ನೇ ಕೇಳಬೇಕು. ಈ ಸಲ ಠಾಣೆ ನಗರದ ಪಕ್ಕದ ಐರೋಲಿಯ ಚದುರಂಗ ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ಅವಳೆದುರು ಕೂತವನು ಮೈಸೂರು ಕಡೆಯಿಂದ ಬಂದು ಇಲ್ಲೇ ನೆಲೆಸಿದ ವಸಂತ್. ತಂಡದಲ್ಲಿ ಉಳಿದದ್ದು ಒಂದೇ ಜಾಗ. ಅವನಿಗೆ ಡ್ರಾ ಸಾಕು, ಅವಳು ಗೆಲ್ಲಲೇಬೇಕು. ಗೆದ್ದೂ ಆಗಿತ್ತು ಅನ್ನಿ.

ಅವಳ ಕಾಲಾಳು ಕೊನೆಯ ಮನೆ ಮುಟ್ಟಿತು. ಇನ್ನು ಅಲ್ಲಿ ರಾಣಿ ಇಟ್ಟರೆ ಆಟ ಮುಗಿದಂತೆ. ಗಡಿಯಾರದಲ್ಲಿ ಒಂಬತ್ತು ಸೆಕೆಂಡು. ಕೈಚಾಚಿದಳು. ರಾಣಿ ಎಲ್ಲಿ? ಹಾಳಾದವನು ತಾನು ಹೊಡೆದ ರಾಣಿಯನ್ನು ಮುಷ್ಟಿಯಲ್ಲಿಟ್ಟುಕೊಂಡು ತಿರುಗಿಸುತ್ತಾ ಕೂತಿದ್ದಾನೆ! ಆರು ಸೆಕೆಂಡು. ಮೇಜಿನ ಮೇಲೆ ಬಿದ್ದಿದ್ದ ಆನೆಯನ್ನು ತಲೆಕೆಳಗಾಗಿ ನಿಲ್ಲಿಸಿ ಗಡಿಯಾರ ಒತ್ತಿದಳು. ಠಾಕುರ್ಲಿಯ ಅವಳ ಮನೆಯ ಚದುರಂಗದ ಸೆಟ್ಟಿನಲ್ಲಿ ಒಂದು ರಾಣಿ ಕಳೆದುಹೋಗಿ ಎಷ್ಟೋ ಕಾಲವಾಗಿತ್ತು. ಅಪ್ಪನೊಂದಿಗೆ ಆಡುವಾಗ ತಲೆಕೆಳಗಾದ ಆನೆಯೇ ರಾಣಿ. ಕೈ ಆ ರೂಢಿಯಂತೆ ನಡೆದುಕೊಂಡಿತು.

ವಸಂತ್ ಕೈಯೆತ್ತಿದ. ತೀರ್ಪುಗಾರ ದಿಲೀಪ, ಕಲ್ಯಾಣದಲ್ಲಿ ನೆಲೆಸಿದ ಧಾರವಾಡದವರು, ಬಂದು ನಿಂತರು.

“ಇದು ಆನೆ ಅಲ್ವಾ ಸರ್?” ಎಂದ ವಸಂತ್.

“ಅದು ರಾಣಿ ಮಾರಾಯ್ರೆ! ಗೊತ್ತಾಗುದಿಲ್ವಾ ನಿಮ್ಗೆ?” ಜಯಲತಾ ಸಿಡಿದಳು.

“ಉಲ್ಟಾ ಇಟ್ರೂ ಆನಿ ಆನಿನ ರೀ ಮೇಡಂ. ಗಡಿಯಾರ ನಿಲ್ಲಿಸಿ ನನ್ನ ಕೇಳಿದ್ರ ಬ್ಯಾರೆ ರಾಣಿ ಕೊಡ್ತಿದ್ನಲ್ಲ,” ಎಂದು ದಿಲೀಪ ಆನೆಯನ್ನು ನೆಟ್ಟಗೆ ನಿಲ್ಲಿಸಿದರು.

ಥೂ! ಆ ನಿಯಮ ಅವಳಿಗೆ ಗೊತ್ತಿಲ್ಲದ್ದೇ? ವಾಗ್ಳೆ ಎಸ್ಟೇಟಿನ ಚದುರಂಗ ಕ್ಲಾಸಿನಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಬಾಯಿಪಾಠ ಮಾಡಿಸುವವಳು ಅವಳೇ.

ರಾಣಿಯಾಗಿದ್ದರೆ ಓರೆಯಲ್ಲಿ ಅಡ್ಡ ಬಂದು ರಾಜನನ್ನು ಕಾಯುತ್ತಿತ್ತು. ಆನೆಗೆ ಓರೆ ನಡೆ ಎಲ್ಲಿಂದ ಬರಬೇಕು? ವಸಂತನ ರಾಣಿ ಚೆಕ್ ಕೊಟ್ಟಿತು, ಮತ್ತೆ ಕೊಟ್ಟಿತು, ಬೆನ್ನು ಬಿಡಲೇ ಇಲ್ಲ. ಅದೇ ಸ್ಥಿತಿ ಮೂರು ಸಲ ಬಂದು ಆಟ ಡ್ರಾ ಆಯಿತು. ಐದನೇ ವರ್ಷವೂ ಅದೇ ದರಿದ್ರ ಅರ್ಧ ಅಂಕ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಬೇಕಂತಲೇ ಹಿಡ್ಕೊಂಡದ್ದಲ್ವಾ ನೀವು?” ಎಂದಳು.

ವಸಂತ್ ಅಂಗೈ ಬಿಡಿಸಿ ನೋಡಿ ತಾನೇ ಬೆಚ್ಚಿದ. “ಅಯ್ಯೋ, ಕೈಲಿದ್ದಿದ್ದೇ ಗೊತ್ತಿರ್ಲಿಲ್ಲ ಮೇಡಂ. ಒಂದ್ಮಾತು ಕೇಳಿದ್ರೆ ಕೊಟ್ಬಿಡ್ತಿದ್ದೆ.”

ಅವನ ಮುಖ ನೋಡಿದಳು. ಸುಳ್ಳು ಹೇಳುತ್ತಿರಲಿಲ್ಲ. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ. ಮೋಸಗಾರನಾಗಿದ್ದರೆ ಠಾಣೆಯಲ್ಲಿ ರೈಲು ಬದಲಿಸಿ ಮನೆ ಮುಟ್ಟುವವರೆಗೂ ಅವನ ಜನ್ಮ ಜಾಲಾಡಬಹುದಿತ್ತು. ಈಗ ಬೈಯಲು ಅವಳಿಗೆ ಅವಳೊಬ್ಬಳೇ ಉಳಿದಿದ್ದಳು.