ಕೂಳೆಯ ಲೆಕ್ಕ

ಆಲಿಕಲ್ಲು ಸುರಿದ ಹನ್ನೆರಡನೆಯ ದಿನ ಬೆಳೆಹಾನಿ ಬರೆದುಕೊಳ್ಳುವ ಅಧಿಕಾರಿ ಬಂದಾಗ, ಊರಿನ ಮುಸುಕಿನ ಜೋಳವೆಲ್ಲ ಬಿದ್ದಲ್ಲೇ ಕೊಳೆಯುತ್ತಿತ್ತು. ಅತ್ತೆಯ ಹೊಲದಲ್ಲಿ ಮಾತ್ರ ಹುರುಳಿಕಾಯಿಯ ಸಸಿಗಳು ಸಾಲಾಗಿ ತಲೆಯೆತ್ತಿದ್ದವು.

ಹಾನಿ ತೋರಿಸಲು ಏನೂ ಉಳಿದಿಲ್ಲವೆಂಬುದೇ ಸೊಸೆಯ ಚಿಂತೆ. ಬಿದ್ದ ಬೆಳೆಯನ್ನು ಕಣ್ಣೆದುರು ಇಟ್ಟುಕೊಂಡಿರಲಾರದ ಅತ್ತೆ ನಾಲ್ಕೇ ದಿನದಲ್ಲಿ ದಂಟೆಲ್ಲ ಕೊಯ್ಯಿಸಿ, ನೆಲದಲ್ಲುಳಿದ ಕೂಳೆಗಳ ನಡುವೆ ಬೀಜ ಹಾಕಿಸಿದ್ದಳು. ಅದೇ ಮಳೆಯ ಸಿಡಿಲಿಗೆ ಬಾವಿಯ ಪಂಪು ಸುಟ್ಟುಹೋಗಿತ್ತು. ಪರಿಹಾರ ಬಂದರೆ ಪಂಪು, ಪಂಪು ಬಂದರೆ ಈ ಸಸಿಗಳಿಗೆ ನೀರು. ಇಲ್ಲದಿದ್ದರೆ ಎರಡನೆಯ ಬೆಳೆಯೂ ಮಣ್ಣುಪಾಲು.

"ಸ್ವಲ್ಪ ತಡೆದಿದ್ರೆ ಏನಾಗ್ತಿತ್ತು ಅತ್ತೆ?" ಎಂದು ಸೊಸೆ ಬೆಳಗ್ಗೆಯೇ ಕೇಳಿದ್ದಳು.

"ಹೊಲ ತಡೀತಿರಲಿಲ್ಲ," ಎಂದಿದ್ದಳು ಅತ್ತೆ. ಅವಳಿಗೆ ಎದುರಾಡುವುದು ಸೊಸೆಗೆ ಇನ್ನೂ ಬಂದಿರಲಿಲ್ಲ.

ಅಧಿಕಾರಿ ಬದುವಿನ ಮೇಲೆ ನಿಂತು ಹೊಲವನ್ನೂ ಕೈಯಲ್ಲಿದ್ದ ನಮೂನೆಯನ್ನೂ ನೋಡಿದ. "ಇಲ್ಲಿ ಹಾಳಾಗಿರೋದು ಏನಮ್ಮ? ನನ್ನ ಹಿತ್ತಲಿಗಿಂತ ಚೆನ್ನಾಗಿದೆ."

ಪಕ್ಕದ ಹೊಲದ ನಿಧಾನಪ್ಪ (ಊರು ಇಟ್ಟ ಹೆಸರು, ಅವನೇ ಒಪ್ಪಿಕೊಂಡದ್ದು) ಹತ್ತಿರ ಬಂದು ಪಿಸುಗುಟ್ಟಿದ. "ಅಕ್ಕ, ನನ್ನ ಹೊಲದಲ್ಲಿ ನಿಂತು ಫೋಟೋ ತೆಗೆಸ್ಕೊಳ್ಳಿ. ಹಾಳಾಗಿರೋದು ಬೇಕಾದಷ್ಟಿದೆ."

"ನಿನ್ನ ಹೊಲ ಆಲಿಕಲ್ಲಿಗೆ ಮೊದಲೂ ಹಾಗೇ ಇತ್ತಲ್ಲೋ," ಎಂದಳು ಅತ್ತೆ. ಅವನು ಹಲ್ಲುಕಿರಿದ.

"ಬೆಳೆ ಕೊಯ್ದು ಮಾರ್ಕೊಂಡಿಲ್ಲ ಅಂತ ಹೇಗೆ ನಂಬೋದು?" ಅಧಿಕಾರಿಯ ದನಿಯಲ್ಲಿ ಕೋಪವಿರಲಿಲ್ಲ, ಬಿಸಿಲಿನ ಸುಸ್ತಿತ್ತು.

ಅತ್ತೆ ಹೊಲದ ಮೂಲೆಗೆ ನಡೆದಳು. ಅಲ್ಲಿ ದಂಟನ್ನು ಇಪ್ಪತ್ತಿಪ್ಪತ್ತರ ಕಟ್ಟಾಗಿ ಕಟ್ಟಿ ಗೋಡೆಯಂತೆ ಒಟ್ಟಿದ್ದಳು. "ಯಾವುದು ಬೇಕೋ ಎಳೀರಿ."

ಅವನು ಅಡಿಯಿಂದ ಒಂದು ಕಟ್ಟು ಎಳೆದು ಬಿಚ್ಚಿದ. ದಂಟುಗಳ ಮೈತುಂಬ ಜಜ್ಜಿದ ಕಲೆ, ಎಲೆಗಳು ಚಿಂದಿ. ತೆನೆ ಸುಲಿದರೆ ಕಾಳು ಬಲಿಯುವ ಮೊದಲೇ ಒಡೆದು ಕಪ್ಪಿಟ್ಟಿತ್ತು. ಇನ್ನೊಂದು ಕಟ್ಟು ಎಳೆದ. ಅದೂ ಹಾಗೆಯೇ. ಚೀಲದಿಂದ ಗೂಟ, ಹಗ್ಗ ತೆಗೆದು ಹೊಲದ ನಡುವೆ ಐದು ಮೀಟರಿನ ಚೌಕ ಹಾಕಿ, ಸಸಿ ತುಳಿಯದಂತೆ ಕಾಲಿಡುತ್ತ ಕೂಳೆ ಎಣಿಸತೊಡಗಿದ.

"ನೂರ ಅರವತ್ತು. ಎಲ್ಲವೂ ಹಾನಿ."

"ನೂರ ಐವತ್ತೇಳು," ಎಂದಳು ಅತ್ತೆ. "ಆ ತುದೀಲಿರೋ ಮೂರನ್ನ ಹಂದಿ ಮುರಿದದ್ದು, ಆಲಿಕಲ್ಲಿಗೂ ವಾರ ಮೊದಲು. ಅದನ್ನ ಸೇರಿಸ್ಬೇಡಿ."

ಸೊಸೆ ಅತ್ತೆಯ ಸೆರಗು ಜಗ್ಗಿದಳು. ದಡ ಮುಟ್ಟುವ ಹೊತ್ತಿಗೆ ದೋಣಿಗೆ ತೂತು ಕೊರೆಯುವವರುಂಟೇ. ಅಧಿಕಾರಿ ಮತ್ತೆ ಬಗ್ಗಿದ. ಮೂರು ಕೂಳೆ ಕುಡುಗೋಲಿನಿಂದ ಕೊಯ್ದದ್ದಲ್ಲ, ನಾರು ನಾರಾಗಿ ಸೀಳಿದ್ದು.

"ಬೆಳಗಿನಿಂದ ಇಪ್ಪತ್ತು ಹೊಲ ನೋಡಿದೆ," ಎಂದ ಎದ್ದು ನಿಂತು. "ಜಾಸ್ತಿ ಬರೀರಿ ಅಂದೋರೇ ಎಲ್ಲ." ನಮೂನೆಯ ಅಂಚಿನಲ್ಲಿ ಕೂಳೆಯ ಎಣಿಕೆಯನ್ನೂ ದಂಟಿನ ಸ್ಥಿತಿಯನ್ನೂ ಬರೆದು, ಮೂರು ಬಿಟ್ಟು ಉಳಿದದ್ದೆಲ್ಲ ಹಾನಿ ಎಂದು ನಮೂದಿಸಿದ. "ಪರಿಹಾರಕ್ಕೆ ಅಡ್ಡಿಯಿಲ್ಲಮ್ಮ. ಒಬ್ಬ ಸಾಕ್ಷಿ ಬೇಕು."

ನಿಧಾನಪ್ಪ ಆ ದಿನ ಮೊದಲ ಬಾರಿಗೆ ಅವಸರ ಮಾಡಿದ. "ಕೊಡಿ ಇಲ್ಲಿ. ಈಕೆ ಹಂದಿಗೂ ಅನ್ಯಾಯ ಮಾಡಲ್ಲ."

ರೈತರ ಸಹಿಯ ಜಾಗ ಖಾಲಿಯಿತ್ತು. ಅತ್ತೆ ಪೆನ್ನು ತೆಗೆದುಕೊಳ್ಳಲಿಲ್ಲ.

"ಅವಳು ಹಾಕಲಿ. ಹೊಲದ ಪಟ್ಟೆಯಲ್ಲಿ ಅವಳ ಹೆಸರೂ ಇದೆ. ನಾಲ್ಕು ದಿನ ಬೈಕೊಂಡೇ ಕೊಯ್ದಳು, ಒಂದು ಸಾಲೂ ಬಿಡಲಿಲ್ಲ."

ತಾನು ಬೈದದ್ದು ಮನಸ್ಸಿನಲ್ಲೇ ಎಂದುಕೊಂಡಿದ್ದ ಸೊಸೆಗೆ ಮುಖ ಬಿಸಿಯಾಯಿತು. ಅಂಗೈಯ ಬೊಕ್ಕೆಗಳು ಇನ್ನೂ ಮಾಯ್ದಿರಲಿಲ್ಲ. ನಮೂನೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಂದಿನಂತೆ ಗೀಚದೆ, ಒಂದೊಂದೇ ಅಕ್ಷರ ಬಿಡಿಸಿ ತನ್ನ ಪೂರ್ತಿ ಹೆಸರು ಬರೆದಳು.