ಕೆಸುವಿನ ಗುರುತು

ಸಿಡ್ನಿಯ ರೌಸ್ ಹಿಲ್‌ನ ಮಗಳ ಮನೆಯಿಂದ ಹೊರಟಾಗಿನಿಂದ ನಾನು ಸೀಟ್ ಬೆಲ್ಟನ್ನು ಎಳೆಯುವುದು, ಬಿಡುವುದು ಮಾಡುತ್ತಲೇ ಇದ್ದೆ. ಕಾರು ಓಡಿಸುತ್ತಿದ್ದ ಮಗಳು ಚಿನ್ಮಯಿ, "ಅಮ್ಮಾ, ಟಾಯ್ಲೆಟ್‌ಗೆ ಸ್ಟಾಪ್ ಮಾಡ್ಲಾ?" ಎಂದು ಮತ್ತೆ ಕೇಳಿದಳು.

"ಬೇಡ ಮಾರಾಯ್ತಿ, ನೀನು ಓಡಿಸು."

ಅವಳು ಹುಟ್ಟಿದ ಮನೆಯನ್ನು ಹುಡುಕಲು ಹೊರಟಿದ್ದೆವು. ಆ ಮನೆ ಈಗ ಇಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಸಿಡ್ನಿಯ ದಕ್ಷಿಣಕ್ಕೆ ಬೆಟ್ಟವೊಂದನ್ನು ಸೀಳಿಕೊಂಡು ಕಡಲಿಗೆ ಇಳಿಯುವ ಕಮರಿ ಅದು. ಎಂಬತ್ತರ ದಶಕದಲ್ಲಿ ಅದರೊಳಗೆ ಕಲ್ಲಿದ್ದಲ ಗಣಿಯವರ ಹಲಗೆ ಮನೆಗಳಿದ್ದವು. ನನ್ನ ಗಂಡ ಚಂದ್ರಶೇಖರ್ ಕೋಲಾರದ ಚಿನ್ನದ ಗಣಿಯಲ್ಲಿ ಸರ್ವೇಯರ್ ಆಗಿದ್ದವರು. ಇಲ್ಲಿನ ಗಣಿಗೆ ಬಂದು ಆ ಕಮರಿಯಲ್ಲೊಂದು ಮನೆ ಬಾಡಿಗೆಗೆ ಹಿಡಿದರು. ಒಂದು ವರ್ಷದ ಭಾರೀ ಮಳೆಗೆ ಗುಡ್ಡ ಜಾರಿತು. ಆಮೇಲೆ ಸರ್ಕಾರ ಒಂದೊಂದೇ ಮನೆಯನ್ನು ಕೊಂಡು ಕೆಡವಿ, ಇಡೀ ಕಮರಿಯನ್ನು ಪಾರ್ಕ್ ಮಾಡಿತು. ನಾವು ಎಷ್ಟೋ ಸಬರ್ಬ್ ಸುತ್ತಿ ಕೊನೆಗೆ ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಮಗನ ಜೊತೆ ನಿಂತೆವು.

ಈಗ ಪಾರ್ಕಿನ ಸ್ವಯಂಸೇವಕರು ಹಳೆಯ ಮನೆಗಳಿದ್ದ ಜಾಗದಲ್ಲೆಲ್ಲ ಮರದ ಕಂಬ ನೆಟ್ಟು, ಅಲ್ಲಿದ್ದವರ ಹೆಸರು ಕೆತ್ತಿಸುತ್ತಿದ್ದಾರೆ. ಅವರಿಗೆ ಸಿಕ್ಕಿರುವುದು ಮಾಲೀಕರ ಹೆಸರು ಮಾತ್ರ. ನಮ್ಮ ಮಾಲೀಕನಿಗೆ ಅಲ್ಲಿ ಹಲವು ಮನೆಗಳಿದ್ದವು. ಬಾಡಿಗೆಗಿದ್ದವರು ತಾವೇ ಬಂದು ಜಾಗ ತೋರಿಸಿದರೆ ಅವರ ಹೆಸರೂ ಸೇರುತ್ತದೆ. ಅದಕ್ಕೆ ಈ ಶನಿವಾರವೇ ಕೊನೆ.

ಚಂದ್ರಶೇಖರ್ ಮಂಡಿನೋವೆಂದು ಮೆಲ್ಬರ್ನಿನಲ್ಲೇ ಉಳಿದರು. "ಬಾಡಿಗೆಯವರಿಗೆ ಎಂಥ ಕಂಬ ಮಾರಾಯ್ತಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ಮನೆ ಬದಲಿಸಿದರೂ ನಿದ್ದೆಗಣ್ಣಿನಲ್ಲಿ ನನ್ನ ಕೈ ಲೈಟಿನ ಸ್ವಿಚ್ಚಿಗಾಗಿ ತಡಕಾಡುವುದು ಆ ಮನೆಯ ಗೋಡೆಯನ್ನೇ. ಅಲ್ಲಿ ನಾವು ಇದ್ದದ್ದು ಹೌದು ಎಂದು ಎಲ್ಲಾದರೂ ಒಂದು ಕಡೆ ಬರೆದಿರಬೇಕು ಅನಿಸುತ್ತಿತ್ತು.

ಪಾರ್ಕಿನ ಬಾಗಿಲಲ್ಲಿ ಸ್ವಯಂಸೇವಕರ ಮುಖ್ಯಸ್ಥೆ ಹೆದರ್ ಕಾಯುತ್ತಿದ್ದರು. ನನ್ನ ವಯಸ್ಸಿನವರೇ. ನನ್ನ ಶೂಸಿನ ಲೇಸ್ ಬಿಚ್ಚಿದ್ದು ನೋಡಿ ಬಗ್ಗಿ ಕಟ್ಟಿದರು. ತಮ್ಮ ಊರುಗೋಲನ್ನೂ ನನ್ನ ಕೈಗಿಟ್ಟರು. ನಾನು ಅವರಿಗೆ ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳದೆ ಮೆಟ್ಟಿಲು ಇಳಿಯತೊಡಗಿದೆ.

"ಅಮ್ಮಾ, ಸ್ಲೋ!" ಚಿನ್ಮಯಿ ಹಿಂದಿನಿಂದ ಕೂಗಿದಳು.

ನಿಧಾನ ಮಾಡಲು ಆಗುತ್ತಿರಲಿಲ್ಲ. ನನಗೆ ಗುರುತು ಗೊತ್ತಿತ್ತು. ನಮ್ಮ ಅಡುಗೆಮನೆಯ ಹಿಂದೆ, ತೊರೆಯ ಬದಿಯಲ್ಲಿ, ಕೆಸು ಬೆಳೆದಿತ್ತು. ಉಡುಪಿಯ ಕಡೆಯವಳಾದ ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಅದನ್ನು ಕಂಡು ಅತ್ತುಬಿಟ್ಟಿದ್ದೆ. ಅಕ್ಕಿ, ಮೆಣಸು, ಹುಣಸೆಹುಳಿ ರುಬ್ಬಿ ಎಲೆಗೆ ಹಚ್ಚಿ, ಸುರುಳಿ ಸುತ್ತಿ, ಬೇಯಿಸಿ ಪತ್ರೊಡೆ ಮಾಡಿದ್ದೆ. ಮನೆ ಹೋದರೂ ಕೆಸು ಹೋಗುವುದಿಲ್ಲ. ಗೆಡ್ಡೆ ಮಣ್ಣಿನಲ್ಲಿ ಉಳಿದೇ ಇರುತ್ತದೆ.

ತಿರುವು ದಾಟಿದ್ದೇ ಕಂಡಿತು. ತೊರೆಯ ಬದಿಗೆ ಮೊರದಗಲದ ಹಸಿರು ಎಲೆಗಳು.

"ಇಲ್ಲೇ! ಚಿನ್ಮಯಿ, ಇಲ್ಲೇ ನೋಡು ನೀನು ಹುಟ್ಟಿದ್ದು!"

ಹೆದರ್ ನನ್ನ ಮೊಣಕೈ ಹಿಡಿದು, "ಅನಸೂಯಾ, ಇದನ್ನು ಯಾರೂ ನೆಟ್ಟಿದ್ದಲ್ಲ. ಇದು ಕುಂಜವಾಯ್, ಇಲ್ಲಿನದೇ ಕಾಡುಗಿಡ. ಕಮರಿಯ ತುಂಬ ಇದೆ. ತಿನ್ನುವಂಥದ್ದಲ್ಲ, ವಿಷ" ಎಂದರು.

ನಾನು ಒಪ್ಪಲಿಲ್ಲ. ಬಗ್ಗಿ ಎಲೆಯನ್ನು ತಿರುಗಿಸಿ ನೋಡಿದೆ. ಕೆಸುವಾದರೆ ದಂಟು ಎಲೆಯ ಹೊಟ್ಟೆಗೆ ಬಂದು ಸೇರುತ್ತದೆ. ಇಲ್ಲಿ ದಂಟು ಮೇಲಿನ ಸೀಳಿಗೇ ಅಂಟಿಕೊಂಡಿತ್ತು. ಎಲೆಗಳೂ ತಲೆ ಬಾಗಿಸದೆ ಆಕಾಶ ನೋಡುತ್ತಿದ್ದವು. ಚಿಕ್ಕಂದಿನಲ್ಲಿ ಅಮ್ಮ ತೋರಿಸಿಕೊಟ್ಟ ವ್ಯತ್ಯಾಸ. ಅವತ್ತು ಹೇಗೆ ನೋಡದೆ ಹೋದೆ? ಕೆಸುವಿಗಾಗಿ ಅಷ್ಟು ಆಸೆಪಟ್ಟಿದ್ದೆನೇನೋ.

"ಈ ಜಾಗದಲ್ಲಿ ಡಾಸನ್ ಅವರ ಮನೆ ಇತ್ತು," ಹೆದರ್ ಮೆಲ್ಲಗೆ ಹೇಳಿದರು. "ಅವರ ಮಗ ಕೀತ್ ಈಗ ಬರುತ್ತಾರೆ."

ಆಮೇಲೆ ನಾನು ಕಮರಿಯ ತುಂಬ ಅಲೆದೆ. ಮೇಲೆ ಹತ್ತಿದೆ, ಇಳಿದೆ, ತೊರೆ ದಾಟಿದೆ, ಮತ್ತೆ ದಾಟಿ ಬಂದೆ. ಎಲ್ಲಿ ನೋಡಿದರೂ ಅದೇ ಎಲೆ. ಒಂದು ಬಂಡೆ ನಮ್ಮದೇ ಅನಿಸುತ್ತಿತ್ತು, ಅಷ್ಟರಲ್ಲಿ ಅದರಂಥದೇ ಇನ್ನೊಂದು ಕಾಣಿಸುತ್ತಿತ್ತು. ಹೆದರ್ ನೀರಿನ ಬಾಟಲಿ ಹಿಡಿದು ನನ್ನ ಹಿಂದೆ ಹಿಂದೆಯೇ ಬರುತ್ತಿದ್ದರು. ಬೇಕಾ ಎಂದು ಒಮ್ಮೆಯೂ ಕೇಳಲಿಲ್ಲ. ನಾನು ನಿಂತಾಗ ಮಾತ್ರ ಮುಂದೆ ಚಾಚುತ್ತಿದ್ದರು.

ಚಂದ್ರಶೇಖರ್‌ಗೆ ಫೋನ್ ಮಾಡಿದೆ. "ಸರ್ವೇಯರ್ ಅಲ್ವಾ ನೀವು? ನಮ್ಮ ಮನೆ ಎಲ್ಲಿತ್ತು ಹೇಳಿ."

"ನಾನು ಅಳೆದದ್ದೆಲ್ಲ ನೆಲದ ಕೆಳಗೆ. ಮೇಲಿಂದು ನಿನ್ನ ಇಲಾಖೆ."

"ತಮಾಷೆ ಸಾಕು."

"ಸರಿ. ಏನಾದ್ರೂ ತಿಂದ್ಯಾ?" ಅವರ ದನಿ ಬದಲಾಯಿತು. "ಮೊದಲು ತಿನ್ನು. ಸಿಗದಿದ್ರೆ ಬಂದ್ಬಿಡು ಅನು."

ಚಿನ್ಮಯಿ ನನ್ನ ಬೆವರು ಒರೆಸಿದಳು. "ಅಮ್ಮಾ, ಎಲ್ಲೋ ಒಂದ್ಕಡೆ ತೋರಿಸ್ಬಿಡು. ಹೂ ವಿಲ್ ನೋ? ಹುಟ್ಟಿದ್ದು ನಾನು, ನನಗೇ ಓಕೆ ಅಂದ್ಮೇಲೆ?"

"ಬೇರೆಯವರ ಅಂಗಳದಲ್ಲಿ ನಿಂತು ನಮ್ಮದು ಅನ್ನೋದಾ? ಅದಕ್ಕಿಂತ ಹೆಸರೇ ಬೇಡ."

ಹೇಳಿದೆನಾದರೂ ಕಾಲುಗಳು ನಿಲ್ಲಲೊಲ್ಲವು. ಮತ್ತೆ ಡಾಸನ್ನರ ಜಾಗದ ಕಡೆಗೇ ಬಂದೆ. ಹ್ಯಾಟು ಹಾಕಿದ ಎತ್ತರದ ಮುದುಕರೊಬ್ಬರು ಅಲ್ಲಿ ನಿಂತಿದ್ದರು. ನನ್ನನ್ನೂ ನನ್ನ ಸೀರೆಯನ್ನೂ ನೋಡಿ ಹ್ಯಾಟು ತೆಗೆದರು.

"ಹಸಿರು ಸುರುಳಿ ಮಾಡಿದ್ದು ನೀವೇ ಅಲ್ಲವೇ?"

ನನಗೆ ಅರ್ಥವಾಗಲಿಲ್ಲ.

"ಎಲೆಯ ಸುರುಳಿ! ಸ್ಟೀಲ್ ತಟ್ಟೆಯಲ್ಲಿ! ನಾನು ಕೀತ್. ಆಗ ಇಪ್ಪತ್ತೆರಡು ನನಗೆ. ಇಡೀ ಕಮರಿಯ ಗಂಟಲು ಊದಿಸಿದ ಹೆಂಗಸನ್ನು ಹೇಗೆ ಮರೆಯಲಿ?"

ಚಿನ್ಮಯಿ ಬಾಯಿ ಮುಚ್ಚಿಕೊಂಡಳು. ನನಗೆ ನೆಲ ಬಿರಿಯಬಾರದೇ ಅನಿಸಿತು. ನಮ್ಮ ಮನೆಯಲ್ಲೂ ಅವತ್ತು ಗಂಟಲು ತುರಿಸಿತ್ತು. ಹುಣಸೆಹುಳಿ ಸಾಲದೆ ಹೋಯಿತು ಎಂದೇ ನಾವಿಬ್ಬರೂ ನಂಬಿದ್ದೆವು. ಮರುವರ್ಷ ಹುಳಿ ಜಾಸ್ತಿ ಹಾಕಿ ಮತ್ತೆ ಮಾಡಿ ಹಂಚಿದ್ದೆ.

"ನೀವು ಯಾರೂ ಏನೂ ಹೇಳಲಿಲ್ಲವಲ್ಲ," ಎಂದೆ.

"ಅಮ್ಮ ಬಿಡಬೇಕಲ್ಲ! ಹೊಸಬಳು, ಹೊಟ್ಟೆಯಲ್ಲಿ ಮಗು ಬೇರೆ, ಅಷ್ಟು ಕಷ್ಟಪಟ್ಟು ಮಾಡಿ ತಂದಿದ್ದಾಳೆ, ಯಾರಾದರೂ ಬಾಯಿಬಿಟ್ಟರೆ ನೋಡಿ ಅಂದಿದ್ದಳು. ಬಾಯಿತುಂಬ ಐಸ್ ಇಟ್ಟುಕೊಂಡು ಕೂತಿದ್ದೆವು. ಎರಡನೇ ವರ್ಷದ್ದನ್ನು ಹಿತ್ತಲಲ್ಲಿ ಹೂತೆವು. ಕ್ಷಮಿಸಿ."

"ಒಳ್ಳೇದು ಮಾಡಿದ್ರಿ," ಎಂದೆ. ನಗಲು ಹೋದೆ, ಕಣ್ಣು ತುಂಬಿತು.

"ತೊಳೆದ ತಟ್ಟೆಗೆ ನಿಂಬೆಹಣ್ಣು ತುಂಬಿ ನಿಮ್ಮ ಮನೆಗೆ ಹೊತ್ತು ತಂದವನು ನಾನೇ. ಇನ್ನೊಂದು ತಟ್ಟೆ ಕೊಟ್ಟುಬಿಟ್ಟರೆ ಏನಪ್ಪಾ ಎಂದು ಹೆದರಿ ಹೆದರಿ ನಡೆದ ದಾರಿ ಅದು. ಬನ್ನಿ."

ಅವರು ಈಗ ಇಲ್ಲದ ತಮ್ಮ ಹಿತ್ತಿಲ ಬಾಗಿಲಿದ್ದ ಕಡೆಯಿಂದ ಹೊರಟರು. ತೊರೆ ಎಡಕ್ಕಿಟ್ಟುಕೊಂಡು, ಎರಡಾಗಿ ಒಡೆದ ಬಂಡೆಯ ನಡುವೆ ನುಗ್ಗಿ, ದಿಣ್ಣೆ ಹತ್ತಿದರು. ಮುಳ್ಳುಕೊಂಬೆಗಳನ್ನು ನಾವು ದಾಟುವವರೆಗೆ ತಮ್ಮ ತೋಳಿನಿಂದ ತಡೆಹಿಡಿದರು. ಮೇಲೆ ಲಂಟಾನದ ಮುಳ್ಳುಪೊದೆ ಹಬ್ಬಿದ ಸಣ್ಣ ಸಮತಟ್ಟು ನೆಲ, ಅದರ ಹಿಂದೆ ಕೆಳಗೆ ಅದೇ ತೊರೆ.

"ಇದೇ," ಎಂದರು.

ನನಗೆ ಏನೂ ಗುರುತು ಹತ್ತಲಿಲ್ಲ. ಗೋಡೆಯಿಲ್ಲ, ಕಲ್ಲಿಲ್ಲ. ಯಾರದೋ ಜಾಗಕ್ಕೆ ಬಂದವಳಂತೆ ಅಂಚಿನಲ್ಲೇ ನಿಂತೆ. ಹೆದರ್ ಕಂಬದ ಜಾಗ ಗುರುತಿಸಲು ಗೂಟ ಮತ್ತು ಸುತ್ತಿಗೆ ತೆಗೆದರು. ಕೀತ್ ನೋಡಿದ್ದಾರೆ, ಇನ್ನೇನು ಬೇಕು, ಹೊಡೆಯಲಿ ಎಂದುಕೊಂಡೆ. ಆದರೂ ಮನಸ್ಸು ನಿಲ್ಲಲಿಲ್ಲ. ಲಂಟಾನದೊಳಗೆ ಹೊಕ್ಕು ಒಂದು ಸುತ್ತು ಬಂದೆ, ಸೆರಗು ಸಿಕ್ಕಿಕೊಂಡಿತು, ಬಿಡಿಸಿಕೊಂಡು ಇನ್ನೊಂದು ಸುತ್ತು ಬಂದೆ.

"ಕಂಬ ಬಾಗಿಲಿದ್ದ ಕಡೆ ನೆಡುತ್ತೇವೆ," ಹೆದರ್ ಹೇಳಿದರು. "ಬಾಗಿಲು ಎಲ್ಲಿತ್ತು, ಕೀತ್?"

"ಅದು ನೆನಪಿಲ್ಲ. ನಾನು ಯಾವಾಗಲೂ ಅಡುಗೆಮನೆಯ ಕಡೆಯಿಂದ ತಟ್ಟೆ ಕೊಟ್ಟು ಓಡುತ್ತಿದ್ದೆ."

ಆಗ ಕಡಲಿನ ಗಾಳಿ ಕಮರಿಯೊಳಗೆ ಏರಿ ಬಂತು. ಬಂಡೆಗೆ ಬಡಿದು ತಿರುಗಿ, ನನ್ನ ಎಡಗಿವಿಯ ಹಿಂದೆ ಮಾತ್ರ ತಣ್ಣಗೆ ತಾಕಿತು. ಕೈ ತಾನಾಗಿ ಮೇಲೆ ಹೋಗಿ ಅಲ್ಲಿ ಸೆರಗು ಎಳೆಯಿತು. ಮಗುವಿಗೆ ಗಾಳಿ ತಾಕದಿರಲೆಂದು ಎಳೆಯುತ್ತಿದ್ದದ್ದು ಹಾಗೆಯೇ, ಹೊಸ್ತಿಲ ಮೇಲೆ ನಿಂತು, ಗಣಿಯಿಂದ ಬರುವವರ ದಾರಿ ಕಾಯುತ್ತ.

"ಅಲ್ಲಲ್ಲ," ಎಂದೆ. ಹೆದರ್ ಗೂಟವನ್ನು ನೆಲಕ್ಕೆ ಮುಟ್ಟಿಸಿದ್ದರು. "ಇತ್ತ ಕಡೆ. ಇನ್ನೂ ಸ್ವಲ್ಪ. ಹಾಂ, ನಾನು ನಿಂತಿರೋ ಕಡೆ."

ಚಿನ್ಮಯಿ ಬಂದು ನನ್ನ ಕಾಲ ಬಳಿ ಗೂಟ ಹಿಡಿದು ಕೂತಳು. "ಸ್ವಲ್ಪ ಸರ್ಕೊ ಅಮ್ಮಾ, ಕಾಲಿಗೆ ಹೊಡೆದುಬಿಡ್ತಾರೆ," ಎಂದಳು.

ನಾನು ಸರಿದೆ.