ಲಿಂಬ್ ಅಂದರೆ ಕೊಂಬೆ

೧
ಎಲ್ಲಿಂದ ಶುರು ಮಾಡುವುದು? ಮರದಿಂದ ಮಾಡಿದರೆ ನಿಮಗೆ ಬೇಸರ, ಆಸ್ಪತ್ರೆಯಿಂದ ಮಾಡಿದರೆ ದುಭಾಷಿಗೆ ಮುಖ ಎತ್ತಲಾಗುವುದಿಲ್ಲ. ಪಾಪ, ಮರವೇ ಮೊದಲು ಬರಲಿ.

ಇಂಗ್ಲಿಷಿನಲ್ಲಿ ‘ಗೋ ಔಟ್ ಆನ್ ಎ ಲಿಂಬ್’ ಎಂಬ ಮಾತಿದೆ. ಇಲ್ಲಿ ಲಿಂಬ್ ಅಂದರೆ ಮರದ ಕೊಂಬೆ. ಹಣ್ಣಿರುವುದು ತುದಿಯಲ್ಲಿ. ಕಾಂಡ ಬಿಟ್ಟು ಅತ್ತ ಸರಿದಷ್ಟೂ ಕೊಂಬೆ ಸಪೂರ, ಯಾವಾಗ ಲಟಕ್ಕೆನ್ನುತ್ತದೋ ಗೊತ್ತಿಲ್ಲ. ಹಾಗೆ ಆಧಾರ ಬಿಟ್ಟು, ಆದದ್ದಾಗಲಿ ಎಂದು ಒಂದು ಮಾತು ಆಡಿಬಿಡುವುದು.

(ನಿಘಂಟಿನ ವಾಸನೆ ಹೊಡೆಯುತ್ತಿದೆ, ನಿಜ. ಆದರೆ ಈ ಪ್ಯಾರಾ ದುಭಾಷಿಗೆ ಒಂದು ದಿನ ಮುಂಚೆ ಸಿಕ್ಕಿದ್ದರೆ ಕಥೆಯೇ ಇರುತ್ತಿರಲಿಲ್ಲ.)

೨
ಮೂಳೆ ವಾರ್ಡು. ಇಂಗ್ಲಿಷ್ ಮಾತ್ರ ಬಲ್ಲ ಡಾಕ್ಟರು, ಕನ್ನಡ ಮಾತ್ರ ಬಲ್ಲ ಟೈಲರಕ್ಕ, ನಡುವೆ ದುಭಾಷಿ. ಮೆಟ್ಟಿಲಿಂದ ಬಿದ್ದು ಅಕ್ಕನ ಬಲಗಾಲು ನುಚ್ಚುನೂರಾಗಿತ್ತು. ಡಾಕ್ಟರು ಎಕ್ಸ್‌ರೇ ನೋಡಿ, ಗಲ್ಲ ಕೆರೆದುಕೊಂಡು, “ಐ ವಿಲ್ ಗೋ ಔಟ್ ಆನ್ ಎ ಲಿಂಬ್. ಶಿ ವಿಲ್ ವಾಕ್,” ಎಂದರು.

ಆ ವಾರ್ಡಿನಲ್ಲಿ ಲಿಂಬ್ ಎಂದರೆ ಕೈಕಾಲು. ದುಭಾಷಿ ತಡವರಿಸಲೂ ಇಲ್ಲ.

“ಕಾಲು ಹೋಗುತ್ತಂತೆ ಅಕ್ಕಾ. ಆದ್ರೂ ನಡೀತೀರಂತೆ.”

ಅಕ್ಕ ಅಳಲಿಲ್ಲ. ಮಧ್ಯಾಹ್ನ ನಾದಿನಿ ಬಂದಾಗ, “ಕಾಲೇ ಇಲ್ದೋಳಿಗೆ ತುಳಿಯೋ ಮಿಷನ್ ಯಾಕೆ? ನೀನೇ ತಗೊಂಡು ಹೋಗು,” ಎಂದಳು. ಆ ಹೊಲಿಗೆ ಮಿಷನ್ ಮೇಲೆ ಎಂದಿನಿಂದಲೋ ಕಣ್ಣಿಟ್ಟಿದ್ದ ನಾದಿನಿ ಬೇಡ ಬೇಡ ಎನ್ನುತ್ತಲೇ ಗಾಡಿ ಗೊತ್ತುಮಾಡಿದಳು.

೨ (ಮತ್ತೆ)
ಇಲ್ಲಿ ಡಾಕ್ಟರ ಉಚ್ಚಾರಣೆಯನ್ನು ದೂರುವ ಒಂದು ಪ್ಯಾರಾ ಇತ್ತು. ಕಥೆಗಾರ ಹೊಡೆದುಹಾಕಿದ.

“ಅದನ್ನ ಇಟ್ಕೊಳ್ಳಿ ಸಾರ್, ನನ್ನ ಮರ್ಯಾದೆ ಉಳಿಯುತ್ತೆ,” ಎಂದ ದುಭಾಷಿ.

“ಉಳಿಯುತ್ತೆ. ಮಿಷನ್ ವಾಪಸ್ ಬರುತ್ತಾ?”

೩
ಕಾಲು ತೆಗೆಯುವುದು ಯಾವತ್ತು ಎಂದು ಮರುದಿನ ದುಭಾಷಿ ವಿಚಾರಿಸಿದ. ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ ಮರ, ಕೊಂಬೆ, ಹಣ್ಣು ಎಲ್ಲ ವಿವರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ರೋಗಿಗೆ ಏನು ಹೇಳಿದೆ ಎಂದು ಕೇಳಿದಾಗ ದುಭಾಷಿ, “ಸರಿಯಾಗೇ ಹೇಳಿದೀನಿ, ನನಗೇ ಡೌಟಿತ್ತು,” ಎಂದು ತಾನೂ ನಕ್ಕ. ಆ ನಗು ನೆನೆದು ಅವನು ಈಗಲೂ ನಾಚಿಕೆಯಿಂದ ಹಿಡಿಯಷ್ಟಾಗುತ್ತಾನೆ.

ಮುಕ್ತಾಯ, ಒಂದು
“ಡಾಕ್ಟರ ಹತ್ರ ತುಂಬ ಕೇಳ್ಕೊಂಡೆ ಅಕ್ಕಾ. ಕಾಲು ಉಳಿಸ್ತಾರಂತೆ.” ಅಕ್ಕ ಅವನ ಕೈಗಳನ್ನು ಕಣ್ಣಿಗೊತ್ತಿಕೊಂಡಳು.

“ಥೂ, ಇಷ್ಟು ನೀಚ ಮಾಡ್ಬೇಡಿ ನನ್ನ!” ಎಂದ ದುಭಾಷಿ, ಕಥೆಗಾರನಿಗೆ.

“ಇದು ಮೊದಲು ಹೊಳೆದಿದ್ದು ನಿಮಗೇ ಅಲ್ವಾ?”



ಮುಕ್ತಾಯ, ಎರಡು
ಅವನು ನಿಜ ಹೇಳುತ್ತಾನೆ, ಅಕ್ಕ ನಗುತ್ತಾಳೆ, ನಾದಿನಿ ಮಿಷನ್ ತಂದಿಡುತ್ತಾಳೆ. (ನಾದಿನಿಯನ್ನು ಬಲ್ಲವರಾರೂ ಇದನ್ನು ನಂಬುವುದಿಲ್ಲ. ಕ್ಯಾನ್ಸಲ್.)

ಮುಕ್ತಾಯ ಅಲ್ಲ
ದುಭಾಷಿ ಮಂಚದ ಪಕ್ಕ ನಿಂತ. “ಕಾಲು ಹೋಗುತ್ತೆ ಅಂತ ಡಾಕ್ಟರು ಅಂದಿರ್ಲಿಲ್ಲ ಅಕ್ಕಾ. ನಾನು ಅಂದಿದ್ದು. ತಪ್ಪು ತಿಳ್ಕೊಂಡೆ.”

ಅಕ್ಕ ಹೊದಿಕೆಯ ಕೆಳಗೆ ಹೆಬ್ಬೆರಳು ಆಡಿಸಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಡಾಕ್ಟರು ಬಂದು, ಪಾದ ಒತ್ತಿ ನೋಡಿ, ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅಕ್ಕನ ಮುಖ ಅಭ್ಯಾಸಬಲದಿಂದ ದುಭಾಷಿಯತ್ತ ಅರ್ಧ ತಿರುಗಿ ನಿಂತಿತು. ಆಮೇಲೆ ಅವಳು ಡಾಕ್ಟರ ಮುಖವನ್ನೇ ನೋಡತೊಡಗಿದಳು.

“ಏನಂದ್ರು ಅಂತ ಬರೆದು ಮುಗಿಸ್ಲಾ?” ಎಂದ ಕಥೆಗಾರ.

“ಬೇಡ ಸಾರ್. ಅಕ್ಕನೇ ನನ್ನ ಕೇಳ್ಲಿ, ಹೇಳ್ತೀನಿ.”

ಅಕ್ಕ ಇನ್ನೂ ಕೇಳಿಲ್ಲ.